ವೇಕ್‌ಫೀಲ್ಡ್ ಬಿಟ್ಟುಕೊಟ್ಟ ಸರದಿ

ಪ್ರಿಯ ಗೆಳೆಯ,

ಮೈಸೂರಿನಲ್ಲಿ ಮನೆಮಂದಿಯೆಲ್ಲ ಕ್ಷೇಮವೆಂದು ನಂಬಿದ್ದೇನೆ. ಕಳೆದ ವಾರ ಫೋನಿನಲ್ಲಿ ನೀನು, 2004ರ ಬಾಸ್ಟನ್ ರೆಡ್ ಸಾಕ್ಸ್ ಬೇಸ್‌ಬಾಲ್ ತಂಡದಲ್ಲಿ ಈಗಲೂ ಹೆಚ್ಚು ನೆನಪಾಗುವವರು ಯಾರು ಎಂದು ಕೇಳಿದೆ. ಟಿಮ್ ವೇಕ್‌ಫೀಲ್ಡ್ ಎಂದೆ. ನಿನಗೆ ಅಚ್ಚರಿಯಾಯಿತು. ಡೇವಿಡ್ ಓರ್ಟಿಜ್ ಹೆಸರನ್ನೋ, ರಕ್ತ ಒಸರುತ್ತಿದ್ದ ಕಾಲುಚೀಲದಲ್ಲೇ ಆಡಿದ ಕರ್ಟ್ ಶಿಲಿಂಗ್ ಹೆಸರನ್ನೋ ಹೇಳುತ್ತೇನೆಂದು ನೀನು ಕಾದಿದ್ದೆ. ಅಷ್ಟರಲ್ಲಿ ನಿಮ್ಮ ಮನೆಗೆ ಯಾರೋ ಬಂದರು, ಮಾತು ಅರ್ಧಕ್ಕೇ ನಿಂತಿತು. ಉಳಿದದ್ದನ್ನು ಬರೆಯುತ್ತಿದ್ದೇನೆ.

ಬಾಸ್ಟನ್ ಬಳಿಯ ವಾಲ್ಥಮ್‌ನ ಆ ಬಾಡಿಗೆ ಮನೆಯಲ್ಲಿ ನಾವಿಬ್ಬರೂ ಬೇಸ್‌ಬಾಲ್‌ಗೆ ಮನಸೋತದ್ದೇ ವೇಕ್‌ಫೀಲ್ಡ್‌ನ ಎಸೆತ ನೋಡಿ. ಉಳಿದ ಪಿಚರ್‌ಗಳ, ಅಂದರೆ ಚೆಂಡೆಸೆಯುವವರ, ಚೆಂಡು ಗಂಟೆಗೆ 145 ಕಿಲೋಮೀಟರ್ ವೇಗದಲ್ಲಿ ನುಗ್ಗಿದರೆ ಇವನದು 110ರ ಆಸುಪಾಸು. ಬೆರಳ ತುದಿಯಲ್ಲಿ ಹಿಡಿದು, ಸ್ವಲ್ಪವೂ ತಿರುಗದಂತೆ ತಳ್ಳುವ ನಕಲ್‌ಬಾಲ್. ಗಾಳಿ ಅದನ್ನು ಎತ್ತ ಎಳೆಯುತ್ತದೆಂದು ಬ್ಯಾಟ್ ಹಿಡಿದವನಿಗೂ ಗೊತ್ತಿಲ್ಲ, ಅವನ ಹಿಂದೆ ಕುಳಿತು ಚೆಂಡು ಹಿಡಿಯುವ ಕ್ಯಾಚರ್‌ಗೂ ಗೊತ್ತಿಲ್ಲ, ಎಸೆದವನಿಗೂ ಗೊತ್ತಿಲ್ಲ. ತಂದೆಯವರ ಬಾಯಲ್ಲಿ ಬಿ.ಎಸ್. ಚಂದ್ರಶೇಖರ್ ಕಥೆ ಕೇಳುತ್ತ ಬೆಳೆದ ನೀನು ಅವನನ್ನು ‘ನಮ್ಮ ಚಂದ್ರ’ ಎಂದೇ ಕರೆಯುತ್ತಿದ್ದೆ.

2003ರ ಅಕ್ಟೋಬರ್ ನಿನಗೂ ನೆನಪಿದೆ. ವಿಶ್ವ ಸರಣಿ ಎಂಬ ಅಂತಿಮ ಘಟ್ಟಕ್ಕೆ ಯಾರು ಹೋಗಬೇಕೆಂದು ತೀರ್ಮಾನಿಸುವ ಸರಣಿ, ನ್ಯೂಯಾರ್ಕ್ ಯಾಂಕೀಸ್ ಎದುರು ಏಳನೆಯ ಪಂದ್ಯ, ಹನ್ನೊಂದನೆಯ ಇನಿಂಗ್ಸ್. ಆ ಇನಿಂಗ್ಸ್‌ನಲ್ಲಿ ವೇಕ್‌ಫೀಲ್ಡ್‌ನ ಮೊದಲ ಎಸೆತವನ್ನೇ ಯಾಂಕೀಸ್‌ನ ಆರನ್ ಬೂನ್ ಪ್ರೇಕ್ಷಕರ ನಡುವೆ ಬಾರಿಸಿದ. ಆ ವರ್ಷದ ಆಟ ಅಲ್ಲಿಗೆ ಮುಗಿಯಿತು. ಅದೇ ಸರಣಿಯಲ್ಲಿ ಎರಡು ಪಂದ್ಯಗಳನ್ನು ಗೆಲ್ಲಿಸಿಕೊಟ್ಟವನೂ ಅವನೇ. 1986ರ ವಿಶ್ವ ಸರಣಿಯಲ್ಲಿ ನಮ್ಮದೇ ತಂಡದ ಬಿಲ್ ಬಕ್ನರ್ ಕಾಲಡಿಯಿಂದ ಚೆಂಡು ನುಸುಳಿ ಹೋದದ್ದಕ್ಕೆ ಜನ ಅವನನ್ನು ವರ್ಷಗಟ್ಟಲೆ ಹಂಗಿಸಿದ್ದರು. ತನ್ನ ಗತಿಯೂ ಅದೇ ಆಗುತ್ತದೆಂದು ವೇಕ್‌ಫೀಲ್ಡ್ ಹೆದರಿದ್ದ. ಆದರೆ ಊರು ಅವನನ್ನು ದೂರಲಿಲ್ಲ. ಬಾಸ್ಟನ್ನಿನ ಮೇಲೆ ನನಗೆ ನಿಜವಾದ ಪ್ರೀತಿ ಹುಟ್ಟಿದ್ದು ಆಗಲೇ.

ಮರುವರ್ಷ ಮತ್ತೆ ಅದೇ ಯಾಂಕೀಸ್. ಮೊದಲ ಎರಡು ಪಂದ್ಯ ಸೋತೆವು. ಮೂರನೆಯದು ಅಕ್ಟೋಬರ್ 16ರ ರಾತ್ರಿ ನಮ್ಮದೇ ಫೆನ್ವೇ ಅಂಗಳದಲ್ಲಿ, 19-8. ಏಳು ಪಂದ್ಯಗಳ ಸರಣಿಯಲ್ಲಿ 0-3 ಹಿಂದೆ ಬಿದ್ದ ಯಾವ ಬೇಸ್‌ಬಾಲ್ ತಂಡವೂ ಅಲ್ಲಿಯವರೆಗೆ ಗೆದ್ದಿರಲಿಲ್ಲ. ನೀನು ಟಿವಿ ಆರಿಸಿ ಮಲಗಿಬಿಟ್ಟೆ. ನಾನು ಹೇಳಬೇಕೆಂದಿರುವುದು ಆ ಸೋಲಿನ ನಡುವೆ ನಡೆದ ಸಂಗತಿಯನ್ನು.

ಮರುದಿನ ನಾಲ್ಕನೆಯ ಪಂದ್ಯವನ್ನು ಆರಂಭಿಸುವ ಸರದಿ ವೇಕ್‌ಫೀಲ್ಡ್‌ನದು. ಪಿಚರ್‌ಗೆ ಅಂಥ ಪಂದ್ಯ ಎಷ್ಟು ದೊಡ್ಡದೆಂದು ನಿನಗೆ ಗೊತ್ತು, ಅದರಲ್ಲೂ ಹಿಂದಿನ ವರ್ಷದ ಗಾಯ ಇನ್ನೂ ಮಾಯದವನಿಗೆ. ಆದರೆ ಮೂರನೆಯ ಪಂದ್ಯ ಕೈಬಿಟ್ಟು ಹೋಗುತ್ತಿತ್ತು. ಒಬ್ಬರ ಹಿಂದೆ ಒಬ್ಬರಂತೆ ಪಿಚರ್‌ಗಳು ದಣಿಯುತ್ತಿದ್ದರು. ಎಲ್ಲರನ್ನೂ ಅಲ್ಲೇ ಸುರಿದುಬಿಟ್ಟರೆ ಮರುದಿನಕ್ಕೆ ತೋಳುಗಳೇ ಉಳಿಯುತ್ತಿರಲಿಲ್ಲ. ವೇಕ್‌ಫೀಲ್ಡ್ ತಾನಾಗಿಯೇ ತಂಡದ ಮ್ಯಾನೇಜರ್ ಟೆರಿ ಫ್ರಾಂಕೋನಾ ಅವರ ಬಳಿ ಹೋಗಿ, ತನ್ನನ್ನು ಕಳಿಸಿ ಎಂದ. ಸೋತೇ ಹೋಗಿದ್ದ ಆ ಪಂದ್ಯದಲ್ಲಿ ಮೂರಕ್ಕೂ ಹೆಚ್ಚು ಇನಿಂಗ್ಸ್ ಎಸೆದ, ಐದು ರನ್ ಕೊಟ್ಟ. ಅಂಕಪಟ್ಟಿ ನೋಡಿದವರಿಗೆ ಅದು ಬರೀ ಹೊಡೆತ ತಿಂದ ಲೆಕ್ಕ.

ನಾಲ್ಕನೆಯ ಪಂದ್ಯ ಅವನ ಬದಲಿಗೆ ಡೆರೆಕ್ ಲೋ ಕೈಗೆ ಹೋಯಿತು. ಮುಂದಿನದನ್ನು ಎಲ್ಲರೂ ಬಲ್ಲರು. ಒಂಬತ್ತನೆಯ ಇನಿಂಗ್ಸ್‌ನಲ್ಲಿ ಒಂದು ರನ್ ಹಿಂದೆ, ಎದುರಿಗೆ ಪಂದ್ಯ ಮುಗಿಸಲೆಂದೇ ಬರುವ ಯಾಂಕೀಸ್ ಪಿಚರ್ ಮರಿಯಾನೊ ರಿವೆರಾ. ನಾಲ್ಕು ಎಸೆತ ಗುರಿ ತಪ್ಪಿದ್ದರಿಂದ ನಮ್ಮ ಕೆವಿನ್ ಮಿಲಾರ್ ನಡೆದೇ ಮೊದಲ ಬೇಸ್ ತಲುಪಿದ. ಅವನ ಬದಲಿಗೆ ಓಡಲು ಡೇವ್ ರಾಬರ್ಟ್ಸ್ ಬಂದ. ಪಿಚರ್ ಚೆಂಡೆಸೆಯುವಷ್ಟರಲ್ಲಿ ಅವನು ಓಡಿ ಎರಡನೆಯ ಬೇಸ್ ಕದಿಯುತ್ತಾನೆಂದು ಇಡೀ ಮೈದಾನಕ್ಕೆ ಗೊತ್ತು. ಆದರೂ ಕದ್ದ. ಬಿಲ್ ಮುಲ್ಲರ್ ಹೊಡೆತಕ್ಕೆ ಪಂದ್ಯ ಸಮವಾಯಿತು. ಹನ್ನೆರಡನೆಯ ಇನಿಂಗ್ಸ್‌ನಲ್ಲಿ ಓರ್ಟಿಜ್ ಹೋಂ ರನ್ ಬಾರಿಸಿದಾಗ ರಾತ್ರಿ ಒಂದು ಗಂಟೆ ದಾಟಿತ್ತು. ನಾನು ಕೂಗಿದ ಕೂಗಿಗೆ ಮೇಲಿನ ಮಹಡಿಯಿಂದ ಮನೆಯ ಮಾಲೀಕ ನೆಲ ಕುಟ್ಟಿದ. ಅವನೂ ಕುಣಿಯುತ್ತಿದ್ದನೆಂದು ಬೆಳಿಗ್ಗೆ ತಿಳಿಯಿತು.

ಅದೇ ಸಂಜೆ ಐದನೆಯ ಪಂದ್ಯ. ಹದಿನಾಲ್ಕು ಇನಿಂಗ್ಸ್, 5 ಗಂಟೆ 49 ನಿಮಿಷ. ಹನ್ನೆರಡನೆಯದರಿಂದ ಕೊನೆಯವರೆಗೂ ಎಸೆದವನು ವೇಕ್‌ಫೀಲ್ಡ್! ಕ್ಯಾಚರ್ ಆಗಿ ಕುಳಿತಿದ್ದವನು ಜೇಸನ್ ವ್ಯಾರಿಟೆಕ್. ವೇಕ್‌ಫೀಲ್ಡ್‌ನ ಚೆಂಡು ಹಿಡಿಯುವ ಅಭ್ಯಾಸವಿದ್ದ ಇನ್ನೊಬ್ಬ ಕ್ಯಾಚರ್ ಮಿರಬೆಲ್ಲಿ ಅಲ್ಲ. ಹದಿಮೂರನೆಯ ಇನಿಂಗ್ಸ್‌ನಲ್ಲಿ ಮೂರು ಸಲ ಚೆಂಡು ವ್ಯಾರಿಟೆಕ್ ಕೈತಪ್ಪಿತು. ಯಾಂಕೀಸ್ ಆಟಗಾರರು ಎರಡನೆಯ, ಮೂರನೆಯ ಬೇಸ್‌ಗಳಲ್ಲಿ ನಿಂತಿದ್ದಾರೆ. ಇನ್ನೊಂದು ಚೆಂಡು ತಪ್ಪಿದರೆ ರನ್ ಬಂದೇಬಿಡುತ್ತದೆ. ಬೇರೆ ಯಾರೇ ಆಗಿದ್ದರೂ ನಕಲ್‌ಬಾಲ್ ಬಿಟ್ಟು ನೇರ ಎಸೆತಕ್ಕೆ ಇಳಿಯುತ್ತಿದ್ದರೇನೋ. ಅವನು ತನ್ನ ವಿದ್ಯೆಯನ್ನು ಬಿಡಲಿಲ್ಲ. ರೂಬೆನ್ ಸಿಯೆರ್ರಾ ಬೀಸಿದ, ಚೆಂಡು ಸಿಗಲಿಲ್ಲ. ಮುಂದಿನ ಇನಿಂಗ್ಸ್‌ನಲ್ಲಿ ಓರ್ಟಿಜ್ ಮತ್ತೆ ಗೆಲ್ಲಿಸಿದ. ಗೆದ್ದ ಪಿಚರ್ ಎಂದು ದಾಖಲಾದದ್ದು ವೇಕ್‌ಫೀಲ್ಡ್ ಹೆಸರು.

ಆರು, ಏಳನೆಯ ಪಂದ್ಯಗಳೂ ನಮ್ಮವೇ ಆದವು. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ವಿರುದ್ಧದ ವಿಶ್ವ ಸರಣಿ 4-0ಯಲ್ಲಿ ಮುಗಿದದ್ದು ಅಕ್ಟೋಬರ್ 27ರಂದು, ಪೂರ್ಣ ಚಂದ್ರಗ್ರಹಣದ ರಾತ್ರಿ. 1918ರ ನಂತರದ ಮೊದಲ ಗೆಲುವು. ಬೇಬ್ ರೂತ್‌ನನ್ನು ಯಾಂಕೀಸ್‌ಗೆ ಮಾರಿದ್ದಕ್ಕೆ ತಗುಲಿದ ಶಾಪ ಕಳೆಯಿತೆಂದು ಪತ್ರಿಕೆಗಳು ಬರೆದವು. ಆ ಮಾತು ನನಗೆ ಎಂದೂ ಹಿಡಿಸಲಿಲ್ಲ. ಬೆವರು ಸುರಿಸಿದವರ ಪಾಲನ್ನು ಕಿತ್ತು ಗ್ರಹಣಕ್ಕೋ ಶಾಪಕ್ಕೋ ಏಕೆ ಕೊಡಬೇಕು? ನಮ್ಮ ಮಾಲೀಕ ಪತ್ರಿಕೆಯ ಮುಖಪುಟವನ್ನು ತನ್ನ ತಂದೆಯ ಸಮಾಧಿಯ ಮೇಲಿಟ್ಟು ಬಂದ. ಹಾಗೆ ಮಾಡಿದವರು ಆ ವಾರ ಅಲ್ಲಿ ಎಷ್ಟೋ ಮಂದಿ. ತಂಡ 2007, 2013, 2018ರಲ್ಲೂ ಗೆದ್ದಿತು. ಸಂತೋಷಪಟ್ಟೆ, ಆದರೆ ಆ ಶರತ್ಕಾಲದ ಎದೆಬಡಿತ ಮತ್ತೆ ಬರಲಿಲ್ಲ.

2007ರಲ್ಲೂ ವೇಕ್‌ಫೀಲ್ಡ್ ಹಾಗೆಯೇ ನಡೆದುಕೊಂಡ, ನೆನಪಿದೆಯೇ? ಭುಜದ ನೋವಿತ್ತು, ತನ್ನಿಂದ ತಂಡಕ್ಕೆ ತೊಂದರೆಯಾಗಬಾರದೆಂದು ವಿಶ್ವ ಸರಣಿಯಿಂದ ಹೊರಗುಳಿದ. 2023ರ ಅಕ್ಟೋಬರ್ 1ರಂದು ಮಿದುಳಿನ ಕ್ಯಾನ್ಸರ್ ಅವನನ್ನು ಒಯ್ದಿತು. ವಯಸ್ಸು 57. ಕೆಲವೇ ತಿಂಗಳಲ್ಲಿ ಹೆಂಡತಿಯೂ ತೀರಿಕೊಂಡರು. 2024ರ ಏಪ್ರಿಲ್‌ನಲ್ಲಿ ಹಳೆಯ ತಂಡದವರೆಲ್ಲ ಫೆನ್ವೇಯಲ್ಲಿ ಸೇರಿದ್ದಾಗ ಆ ಋತುವಿನ ಮೊದಲ ತವರು ಪಂದ್ಯಕ್ಕೆ ಮುನ್ನ ಸಾಂಕೇತಿಕವಾಗಿ ಎಸೆಯುವ ಚೆಂಡನ್ನು ಅವನ ಮಗಳು ಎಸೆದಳು. ಅದನ್ನು ನೋಡುತ್ತ ನಾನು ಅತ್ತೆ.

ನಿನ್ನ ಮಗನಿಗೆ ಈ ಆಟದ ಹುಚ್ಚು ಹತ್ತಿದೆ ಎಂದೆಯಲ್ಲ. ರಾಬರ್ಟ್ಸ್ ಬೇಸ್ ಕದ್ದದ್ದು, ಓರ್ಟಿಜ್ ಹೊಡೆದದ್ದು ಅವನು ಹೇಗೂ ಹುಡುಕಿ ನೋಡುತ್ತಾನೆ. ನೀನು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂರನೆಯ ಪಂದ್ಯ ತೋರಿಸು, 19-8ರಲ್ಲಿ ಸೋತದ್ದನ್ನು. 49ನೆಯ ಸಂಖ್ಯೆಯ ಅಂಗಿ ತೊಟ್ಟವನು ಏಕೆ ಎಸೆಯಲು ಬಂದಿದ್ದಾನೆಂದು ಅವನಿಗೆ ಬಿಡಿಸಿ ಹೇಳು. ಅವನು ಏನೆಂದನೆಂದು ನನಗೆ ಬರೆ.

ನಿನ್ನ ಪ್ರೀತಿಯ ಗೆಳೆಯ