ಆಣೆ ಬೇಡ ಪುಟ್ಟ, ಜೊತೆ ಹುಡುಕು

ಚಿ. ಪುಟ್ಟನಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಇಲ್ಲಿ ನಾವಿಬ್ಬರೂ ಕ್ಷೇಮ. ಮೊನ್ನೆ ನಿಮ್ಮಮ್ಮ ಫೋನಿನಲ್ಲಿ ಬಿಕ್ಕಿಬಿಕ್ಕಿ ಅತ್ತಳು. ಮಗಳ ತಲೆ ಮುಟ್ಟಿ ಆಣೆ ಮಾಡಿದ್ದೆಯಂತೆ, ಹನ್ನೊಂದನೇ ದಿನಕ್ಕೆ ಮತ್ತೆ ಕುಡಿದು ಬಂದೆಯಂತೆ. ನಿನ್ನನ್ನು ಬೈಯಲು ಈ ಕಾಗದ ಬರೆಯುತ್ತಿಲ್ಲ. ಇನ್ನು ಮೇಲೆ ಯಾರ ತಲೆಯನ್ನೂ ಮುಟ್ಟಿ ಆಣೆ ಮಾಡಬೇಡ ಅಂತ ಹೇಳಲು ಬರೆಯುತ್ತಿದ್ದೇನೆ.

ನಿಮ್ಮ ದೊಡ್ಡಪ್ಪ ಎಷ್ಟು ಆಣೆ ಮಾಡಿದ್ದರು ಗೊತ್ತಾ? ಧರ್ಮಸ್ಥಳದಲ್ಲಿ ಒಂದು, ಮನೆದೇವರ ಮುಂದೆ ಎರಡು, ಅತ್ತೆಯವರು ಹಾಸಿಗೆ ಹಿಡಿದಾಗ ಅವರ ಪಾದ ಹಿಡಿದು ಇನ್ನೊಂದು. ಯಾವುದನ್ನೂ ಸುಳ್ಳಿಗೆ ಮಾಡಿದವರಲ್ಲ. ಆಣೆ ಮುರಿದ ಪಾಪ ತಡೆಯಲಾಗದೆ ಮತ್ತೊಂದು ಕ್ವಾರ್ಟರ್ ಏರಿಸುತ್ತಿದ್ದರು. 2007ರ ಜುಲೈನಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದಾಗ ನಮ್ಮ ಬೀದಿಯ ಹೆಂಗಸರಿಗೆಲ್ಲ ಹಬ್ಬದಂತಾಯಿತು. ಪ್ಯಾಕೆಟ್ ಹೋಯಿತು, ಇವರು ವಿಸ್ಕಿ ಹಿಡಿದರು. ಮನೆ ಖರ್ಚಿಗೆ ಇನ್ನಷ್ಟು ಕತ್ತರಿ ಬಿತ್ತು, ಅಷ್ಟೆ.

ಇವರಿಗೆ ದಾರಿ ಕಂಡದ್ದು ಮೈಸೂರಿನಲ್ಲಿ, ಒಂದು ಚರ್ಚಿನ ಹಿಂದಿನ ಕೋಣೆಯಲ್ಲಿ. ಆಲ್ಕೊಹಾಲಿಕ್ಸ್ ಅನಾನಿಮಸ್, ಎಎ ಅನ್ನುತ್ತಾರಲ್ಲ, ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ಒಬ್ಬರಿಗೊಬ್ಬರು ಜೊತೆಯಾಗುವ ಸಂಘ, ಅವರ ಮೀಟಿಂಗ್. ಚರ್ಚು ಅಂದಾಗ ನನಗೆ ಅಳುಕಾಗಿತ್ತು. ಆಮೇಲೆ ತಿಳಿಯಿತು, ಜಾಗ ಸಿಕ್ಕ ಕಡೆ ಸೇರುತ್ತಾರೆ, ಯಾವ ಮತಕ್ಕೂ ಸೇರಿದವರಲ್ಲ. ಆವತ್ತಿನದು ಓಪನ್ ಮೀಟಿಂಗ್, ಮನೆಯವರೂ ಕೂರಬಹುದಿತ್ತು. ಅಲ್ಲಿ ಯಾರಿದ್ದರು, ಏನು ಹೇಳಿದರು ಅಂತ ನಿನಗೂ ಹೇಳುವುದಿಲ್ಲ, ಅಲ್ಲಿ ಕೇಳಿದ್ದನ್ನು ಅಲ್ಲೇ ಬಿಟ್ಟು ಬರಬೇಕು. ಒಂದನ್ನು ಮಾತ್ರ ಹೇಳುತ್ತೇನೆ. ದೊಡ್ಡಪ್ಪನ ಕೈಗೆ ಯಾರೋ ಟೀ ಕೊಟ್ಟರು. ಕೈ ನಡುಗಿ ಟೀ ತುಳುಕಿ ಪ್ಯಾಂಟಿನ ಮೇಲೆ ಬಿತ್ತು. ಇವರು ನಾಚಿಕೆಯಿಂದ ತಲೆ ತಗ್ಗಿಸಿದರು. ಪಕ್ಕದಲ್ಲಿದ್ದವರು ಮಾತಾಡದೆ ಲೋಟ ಇಸಿದುಕೊಂಡು, ಅರ್ಧ ಟೀಯನ್ನು ತಮ್ಮ ಲೋಟಕ್ಕೆ ಬಗ್ಗಿಸಿಕೊಂಡು, ಉಳಿದರ್ಧವನ್ನು ವಾಪಸು ಕೊಟ್ಟರು. ನಡುಗುವ ಕೈಗೆ ತುಂಬಿದ ಲೋಟ ಕೊಡಬಾರದು ಅಂತ ಅವರಿಗೆ ಗೊತ್ತಿತ್ತು. ಇಪ್ಪತ್ತಾರು ವರ್ಷ ಸಂಸಾರ ಮಾಡಿದ್ದ ನನಗೆ ಅದು ಹೊಳೆದಿರಲಿಲ್ಲ ಪುಟ್ಟ.

ಆ ಸಂಘ ಹುಟ್ಟಿದ್ದೇ ಹೀಗೆ. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ, ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಬಿಲ್ ಎಂಬ ಷೇರು ವ್ಯವಹಾರದವನಿಗೆ ಮತ್ತೆ ಕುಡಿಯುವ ಚಪಲ ಹತ್ತಿತು. ಆಗ ಅವನು ಮಾತಾಡಲು ಹುಡುಕಿಕೊಂಡು ಹೋದದ್ದು ಇನ್ನೊಬ್ಬ ಕುಡುಕನನ್ನೇ, ಡಾಕ್ಟರ್ ಬಾಬ್ ಅವರನ್ನು. ಉಪದೇಶ ಮಾಡುವವರು ನಿನಗೆ ಸಾಕಷ್ಟು ಜನ ಇದ್ದೇವೆ. ನಿನ್ನ ಕಷ್ಟ ಉಂಡವರು ಬೇಕು.

ಮೀಟಿಂಗಿಗಿಂತ ಮೊದಲು ಡಾಕ್ಟರ ಹತ್ತಿರ ಹೋಗು. ಇದನ್ನು ಕೈಮುಗಿದು ಹೇಳುತ್ತೇನೆ. ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲೇ ಫಿಟ್ಸ್ ಬರಬಹುದು, ಆಮೇಲೆ ಇಲ್ಲದ್ದು ಕಾಣಿಸಿ ಕೇಳಿಸಿ ಬುದ್ಧಿ ಕದಡಬಹುದು, ಪ್ರಾಣಕ್ಕೇ ಬರಬಹುದು. ಬೆಂಗಳೂರಲ್ಲೇ ಇದ್ದೀಯ, ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಎಷ್ಟು ಕುಡಿಯುತ್ತೀಯ ಅಂತ ಕೇಳಿದರೆ ಕಡಿಮೆ ಮಾಡಿ ಹೇಳಬೇಡ. ಔಷಧಿ ಲೆಕ್ಕ ಹಾಕುವುದೇ ಅದರ ಮೇಲೆ. ಹೋಗಲು ಕಾಲು ಬಾರದಿದ್ದರೆ 14446ಕ್ಕೆ ಫೋನ್ ಮಾಡು, ವ್ಯಸನ ಬಿಡುವವರಿಗೆಂದೇ ಇರುವ ಸಹಾಯವಾಣಿ, ದುಡ್ಡಿಲ್ಲ. ಮನಸ್ಸು ತೀರಾ ಕುಸಿದ ರಾತ್ರಿ 14416, ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ.

ಬಸ್ ಸ್ಟ್ಯಾಂಡ್ ಗೋಡೆಯ ಮೇಲಿನ ನಂಬರಿಗೆ ಫೋನ್ ಮಾಡಿ, ಸಾರಿನಲ್ಲಿ ಗುಟ್ಟಾಗಿ ಬೆರೆಸುವ ಪುಡಿ ತರಿಸುತ್ತೇನೆ ಅಂದಳು ನಿಮ್ಮಮ್ಮ. ಖಂಡಿತ ಬೇಡ ಅಂದಿದ್ದೇನೆ. ಕುಡಿತ ಬಿಡಿಸುವ ಮಾತ್ರೆಗಳಲ್ಲಿ ಕೆಲವು, ಮೇಲೆ ಹೆಂಡ ಬಿದ್ದರೆ ಬಿ.ಪಿ. ಇಳಿಸಿ ಜೀವಕ್ಕೇ ಎರವಾಗುತ್ತವೆ. ನಿನಗೆ ಗೊತ್ತಿದ್ದು, ಡಾಕ್ಟರು ಕೊಟ್ಟರೆ ಮಾತ್ರ ತಗೋ.

ಇನ್ನು ಗುಂಪಿನ ವಿಷಯ. ಬೆಂಗಳೂರಿನಲ್ಲಿ ಎಎ ಗುಂಪುಗಳು ಹಲವಿವೆ, ಕನ್ನಡದವೂ ಇವೆ. ಒಳ್ಳೆಯದು ಯಾವುದು ಅಂತ ವಿಚಾರಿಸುತ್ತಾ ಕೂರಬೇಡ. ಶಿಫ್ಟ್ ಮುಗಿಸಿ ಒಂದೇ ಬಸ್ಸಿನಲ್ಲಿ ಮುಟ್ಟುವಂಥದು ಯಾವುದೋ ಅದೇ ನಿನಗೆ ಒಳ್ಳೆಯದು. ದಾರಿಯಲ್ಲಿ ನಿನ್ನ ಹಳೆಯ ಬಾರ್ ಸಿಗದಿದ್ದರಂತೂ ಇನ್ನೂ ಒಳ್ಳೆಯದು. ಫೀಸಿಲ್ಲ, ಫಾರಂ ತುಂಬಿಸುವುದಿಲ್ಲ, ಬಿಡಬೇಕೆಂಬ ಆಸೆ ಇದ್ದರೆ ಸಾಕು. ಮೊದಲ ದಿನ ಬಾಯಿ ಬಿಡದೆ ಕೂತರೂ ಯಾರೂ ಕೇಳುವುದಿಲ್ಲ. ಮೊದಲ ದಿನವೇ ಬೇಸರವಾಗಬಹುದು, ದೊಡ್ಡಪ್ಪನಿಗೂ ಆಗಿತ್ತು. ನಾಲ್ಕಾರು ಸಲ ಹೋಗಿ ನೋಡು. ಆದರೂ ಒಗ್ಗದಿದ್ದರೆ ಬೇರೆ ಗುಂಪು ನೋಡು. ಅದೂ ಆಗದಿದ್ದರೆ ಊರಿಗೆ ಬಾ. ಧರ್ಮಸ್ಥಳದ ಕಡೆಯಿಂದ ಜನಜಾಗೃತಿ ವೇದಿಕೆಯವರು ಊರೂರಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಅಲ್ಲಿ ಬಿಟ್ಟವರು ನವಜೀವನ ಸಮಿತಿ ಅಂತ ಆಮೇಲೂ ಸೇರುತ್ತಾರೆ. ನನ್ನ ಕೇಳಿದರೆ ಶಿಬಿರಕ್ಕಿಂತ ಆಮೇಲೆ ಸೇರುತ್ತಾರಲ್ಲ, ಅದೇ ದೊಡ್ಡದು.

ನಡುವೆ ಜಾರಿದರೆ ಮುಖ ಮರೆಸಿಕೊಂಡು ಮನೆಯಲ್ಲಿ ಕೂರಬೇಡ. ಆವತ್ತೇ ಹೋಗು. ದೊಡ್ಡಪ್ಪ ಎರಡು ಸಲ ಜಾರಿದ್ದರು.

ನಿನ್ನ ಹೆಂಡತಿಗೆ ಬೇರೆ ಕಾಗದ ಹಾಕಿದ್ದೇನೆ. ಕುಡಿಯುವವರ ಮನೆಯವರಿಗೆ ಅಲ್-ಅನಾನ್ ಅಂತ ಗುಂಪುಗಳಿವೆ. ಅವಳೂ ಎಲ್ಲಾದರೂ ಮನಸ್ಸು ಬಿಚ್ಚಿ ಅಳಬೇಕಲ್ಲ.

ಡಾಕ್ಟರನ್ನು ಕಂಡ ದಿನ ಒಂದು ಫೋನ್ ಮಾಡು. ದೊಡ್ಡಪ್ಪ ಶನಿವಾರದ ರೈಲಿಗೆ ಬರುತ್ತಾರೆ. ಮೊದಲ ಮೀಟಿಂಗಿಗೆ ನಿನ್ನ ಪಕ್ಕದ ಕುರ್ಚಿಯಲ್ಲಿ ಅವರೇ ಕೂರುತ್ತಾರಂತೆ. ಕೊಬ್ಬರಿ ಮಿಠಾಯಿ ಕಟ್ಟಿ ಕಳಿಸುತ್ತೇನೆ, ಮಗೂಗೆ ಕೊಡು.

ಇಂತಿ,
ನಿನ್ನ ದೊಡ್ಡಮ್ಮ