ಡಿಫೆಂಡರ್‌ಗೆ ಮಾರ್ಕ್ಸ್ ಹಾಕೋ ಮುಂಚೆ

ಸಂಪಾದಕರೇ ನಮಸ್ಕಾರ,

ಕ್ರೀಡಾ ಪುಟದಲ್ಲಿ ಫುಟ್‌ಬಾಲ್ ಮ್ಯಾಚ್ ಆದ್ಮೇಲೆ ಆಟಗಾರರಿಗೆ ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸ್ ಹಾಕ್ತೀರಲ್ಲ, ಡಿಫೆಂಡರ್‌ಗಳಿಗೆ ಅದ್ರಲ್ಲಿ ತುಂಬಾ ಅನ್ಯಾಯ ಆಗ್ತಿದೆ. ಟ್ಯಾಕಲ್ (ಎದುರಾಳಿ ಕಾಲಿಂದ ಬಾಲ್ ಕಸಿಯೋದು) ಎಷ್ಟು, ಇಂಟರ್‌ಸೆಪ್ಷನ್ (ಅವರ ಪಾಸ್‌ನ ಮಧ್ಯದಲ್ಲೇ ತಡೆಯೋದು) ಎಷ್ಟು ಅಂತ ಕೂಡಿಸ್ತಾರೆ, ಆದ್ರೆ ಸರಿಯಾದ ಜಾಗದಲ್ಲಿ ನಿಂತಿರೋನಿಗೆ ಟ್ಯಾಕಲ್ ಮಾಡೋ ಪ್ರಮೇಯನೇ ಬರಲ್ವಲ್ಲ.

ಉದಾಹರಣೆಗೆ 2019ರ ಮಾರ್ಚ್ 31, ಲಿವರ್‌ಪೂಲ್‌ನ ಆನ್‌ಫೀಲ್ಡ್ ಮೈದಾನ, ಲಿವರ್‌ಪೂಲ್ ಟಾಟನ್‌ಹ್ಯಾಮ್ 1-1, ಕೊನೇ ಹತ್ತು ನಿಮಿಷದೊಳಗೆ ಟಾಟನ್‌ಹ್ಯಾಮ್‌ನ ಸಿಸೊಕೊ ಬಾಲ್ ತಗೊಂಡು ನುಗ್ತಾನೆ, ಪಕ್ಕದಲ್ಲಿ ಅವನ ಜೊತೆಗಾರ ಸನ್, ಎದುರಿಗೆ ಲಿವರ್‌ಪೂಲ್ ಡಿಫೆಂಡರ್ ವ್ಯಾನ್ ಡೈಕ್ ಒಬ್ಬನೇ. ಅವನು ಮೈಮೇಲೆ ಬೀಳ್ಲಿಲ್ಲ, ಸನ್‌ಗೆ ಪಾಸ್ ಹೋಗೋ ದಾರಿ ಮುಚ್ಕೊಂಡು ಹಿಂದೆ ಹಿಂದೆ ಸರಿದ, ಕೊನೆಗೆ ಸಿಸೊಕೊ ತನಗೆ ಒಗ್ಗದ ಎಡಗಾಲಲ್ಲೇ ಹೊಡೀಬೇಕಾಯ್ತು, ಬಾಲ್ ಗೋಲಿನ ಬಾರ್ ಮೇಲೆ ಹೋಯ್ತು. ಲಿವರ್‌ಪೂಲ್ 2-1 ಗೆಲ್ತು. ಟ್ಯಾಕಲ್ ಇಲ್ಲ, ಇಂಟರ್‌ಸೆಪ್ಷನ್ ಇಲ್ಲ, ಲೆಕ್ಕದಲ್ಲಿ ಸೊನ್ನೆ!

2001ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತನ್ನ ಡಿಫೆಂಡರ್ ಯಾಪ್ ಸ್ಟಾಮ್‌ನ ಇಟಲಿಯ ಲಾಟ್ಸಿಯೊ ಕ್ಲಬ್‌ಗೆ ಮಾರಿದಾಗ ಟ್ಯಾಕಲ್ ಲೆಕ್ಕ ಕಮ್ಮಿಯಾಗಿದ್ದೂ ಕಾರಣ ಅನ್ನೋ ಮಾತು ಇವತ್ತಿಗೂ ಇದೆ, ಮಾರಿದ್ದು ತಪ್ಪಾಯ್ತು ಅಂತ ಯುನೈಟೆಡ್‌ನ ಆಗಿನ ಕೋಚ್ ಫರ್ಗುಸನ್ ಅವರೇ ಆಮೇಲೆ ಒಪ್ಕೊಂಡ್ರು.

ಅಂಕಿ ಅಂಶ ಬೇಡ್ವೇ ಬೇಡ ಅಂತಲ್ಲ. 2018-19ರ ಪ್ರೀಮಿಯರ್ ಲೀಗ್ ಪೂರ್ತಿ ವ್ಯಾನ್ ಡೈಕ್‌ನ ಒಬ್ಬನೂ ಡ್ರಿಬಲ್ ಮಾಡಿ (ಬಾಲ್ ಕಾಲಲ್ಲೇ ಇಟ್ಕೊಂಡು) ದಾಟ್ಲಿಲ್ಲ ಅನ್ನೋ ಲೆಕ್ಕ ಎಷ್ಟೊಂದು ಹೇಳುತ್ತೆ ನೋಡಿ. ನಾನೂ ಹುಡುಗನಾಗಿದ್ದಾಗ ಸ್ಟಾಪರ್ ಬ್ಯಾಕ್ (ನಡುವಿನ ಡಿಫೆಂಡರ್) ಆಡ್ದೋನು, ಅದಕ್ಕೇ ಇಷ್ಟು ಹೊಟ್ಟೆ ಉರಿಯುತ್ತೆ. ಮುಂದಿನ ಸಲ ಡಿಫೆಂಡರ್‌ಗೆ ಐದೋ ಆರೋ ಕೊಟ್ರೆ ಯಾಕೆ ಅಂತ ಎರಡು ಸಾಲು ಬರೀರಿ, ದಯವಿಟ್ಟು.

– ಓದುಗ, ಆಸ್ಟಿನ್ ಟೌನ್, ಬೆಂಗಳೂರು