ಟೋಕಿಯೋ ಟವರಿಗೆ ಗೂಡು ಕಟ್ಟಿದ ಹುಳು

ಅಮ್ಮಾ,

ಹೇಗಿದ್ದೀಯ? ಈ ಸಲದ ರೇಷ್ಮೆ ಬೆಳೆ ನಾಲ್ಕನೇ ಜ್ವರ ಎದ್ದಿದೆ, ಹುಳು ನಾಲ್ಕನೇ ಸಲ ಪೊರೆ ಬಿಟ್ಟಿದೆ ಅಂತ ಪುಟ್ಟಿ ಮೆಸೇಜ್ ಹಾಕಿದ್ದಳು. ಹಾಗಾದರೆ ಈ ವಾರ ನಿನಗೂ ಅಪ್ಪನಿಗೂ ನಿದ್ದೆ ಇಲ್ಲ. ಅದಕ್ಕೇ ಫೋನ್ ಮಾಡದೆ ಬರೆಯುತ್ತಿದ್ದೇನೆ. ಸೊಪ್ಪು ಹಾಕಿ ಕೈ ಬಿಡುವಾದಾಗ ಪುಟ್ಟಿ ಹತ್ತಿರ ಓದಿಸಿಕೋ.

ಹೋದ ಭಾನುವಾರ ಸಿನಿಮಾ ನೋಡುವಾಗ ಅಳು ಬಂತು ಅಂದಿದ್ದೆನಲ್ಲ, ಅದಕ್ಕೆ ಅಪ್ಪ "ರಬ್ಬರ್ ಬೊಂಬೆ ನೋಡಿ ಯಾರಾದರೂ ಅಳ್ತಾರಾ" ಅಂದರಂತೆ. ಕಥೆ ಕೇಳಿದರೆ ಅವರಿಗೂ ಗೊತ್ತಾಗುತ್ತೆ. ಯಾಕಂದ್ರೆ ಅದು ನಮ್ಮ ಮನೆಯದೇ ಕಥೆ. ರೇಷ್ಮೆ ಹುಳುವಿನದು.

ಸಿನಿಮಾದ ಹೆಸರು ಮೋಸುರಾ, ಅದರಲ್ಲಿರುವ ಹುಳುವಿನ ಹೆಸರೂ ಅದೇ. 1961ರದ್ದು. 1954ರಲ್ಲಿ ಗೋಜಿರಾ ತೆಗೆದ ಇಶಿರೋ ಹೋಂಡಾ ಅವರೇ ಇದರ ನಿರ್ದೇಶಕರು (ನಾವು ಗಾಡ್ಜಿಲ್ಲಾ ಅನ್ನುವುದಕ್ಕೆ ಇಲ್ಲಿ ಜಪಾನಿನಲ್ಲಿ ಗೋಜಿರಾ ಅಂತಾರೆ). ಅಣುಬಾಂಬ್ ಪರೀಕ್ಷೆಯಿಂದ ಸುಟ್ಟುಹೋದ ಒಂದು ದ್ವೀಪ. ಅಲ್ಲಿ ಗೇಣುದ್ದದ ಇಬ್ಬರು ಅಕ್ಕತಂಗಿಯರು ಇರುತ್ತಾರೆ. ದುಡ್ಡಿನಾಸೆಯ ಒಬ್ಬ ಅವರನ್ನು ಹೊತ್ತು ತಂದು ಟೋಕಿಯೋದಲ್ಲಿ ಟಿಕೆಟ್ ಇಟ್ಟು ಹಾಡಿಸುತ್ತಾನೆ. ಅವರು ಹಾಡುವುದು ಜನರಿಗೋಸ್ಕರ ಅಲ್ಲ. ತಮ್ಮ ದೇವರನ್ನು ಕರೆಯುತ್ತಿರುತ್ತಾರೆ. ಅಲ್ಲಿ ದ್ವೀಪದಲ್ಲಿ ಮೊಟ್ಟೆ ಒಡೆದು ಬೆಟ್ಟದಂಥ ಹುಳು ಹೊರಗೆ ಬರುತ್ತೆ, ಸಮುದ್ರ ಈಜಿಕೊಂಡು ತನ್ನ ಹುಡುಗಿಯರನ್ನು ಕರೆದುಕೊಂಡು ಹೋಗೋಕೆ ಹೊರಡುತ್ತೆ. ಅಷ್ಟೇ ಅದರ ಉದ್ದೇಶ. ದಾರಿಯಲ್ಲಿ ಊರು ಸಿಕ್ಕರೆ ಅದೇನು ಮಾಡುತ್ತೆ ಪಾಪ.

ಅದು ಟೋಕಿಯೋ ಟವರ್ ಹತ್ತಿರ ಬಂದು ಒರಗುತ್ತೆ. ಆ ಟವರ್ ಕಟ್ಟಿ ಆಗಿನ್ನೂ 3 ವರ್ಷ ತುಂಬಿರಲಿಲ್ಲ, ಊರಿಗೆಲ್ಲ ಹೆಮ್ಮೆ. ಅದು ಮುರಿದು ಬಾಗುತ್ತೆ. ಆ ಮುರುಕಲಿಗೇ ಮೈ ಆನಿಸಿ ಹುಳು ತಲೆ ಎತ್ತಿ ನೂಲು ಬಿಡೋಕೆ ಶುರು ಮಾಡುತ್ತೆ. ಅಮ್ಮಾ, ನನಗೆ ತಕ್ಷಣ ನೀನು ನೆನಪಾದೆ. ಗೂಡು ಕಟ್ಟೋಕೆ ಹಣ್ಣಾದ ಹುಳುವನ್ನು ಬೆಳಕಿಗೆ ಹಿಡಿದು, ಒಳಗೆ ಕಾಣುತ್ತಾ ನೋಡು ಅಂತ ನನಗೆ ತೋರಿಸಿ, ಆಮೇಲೆ ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ಮೇಲೆ ಬಿಡುತ್ತಿದ್ದೆಯಲ್ಲ. ಅದು ಒಂದು ಗಳಿಗೆ ತಲೆ ಆ ಕಡೆ ಈ ಕಡೆ ಆಡಿಸಿ ಜಾಗ ಹುಡುಕುತ್ತಲ್ಲ. ಅದೇ, ಹಾಗೇ. ಇಡೀ ಸೈನ್ಯ ಸುತ್ತ ನಿಂತಿದೆ, ಹುಳುವಿಗೆ ಅದರ ಪರಿವೆಯೇ ಇಲ್ಲ, ಗೂಡು ಕಟ್ಟುವ ಹೊತ್ತು ಬಂದಿದೆ, ಕಟ್ಟುತ್ತಿದೆ. ಅಲ್ಲೇ ನನಗೆ ಅಳು ಬಂದಿದ್ದು.

ಬೊಂಬೆ ಅಂತ ಗೊತ್ತಾಗಲ್ವಾ ಅಂದರೆ, ಗೊತ್ತಾಗುತ್ತೆ. ಚೆನ್ನಾಗೇ ಗೊತ್ತಾಗುತ್ತೆ. ಟ್ಯಾಂಕುಗಳು ಮಕ್ಕಳ ಆಟಿಕೆ ಥರ ಇವೆ. ಹುಳುವಿನ ಒಳಗೆ ಸಾಲಾಗಿ ಹಲವರು ಸೇರಿಕೊಂಡು ತೆವಳಿಸಿದ್ದಾರೆ, ಎಲ್ಲರಿಗಿಂತ ಮುಂದೆ ಹರುವೊ ನಕಾಜಿಮಾ ಅನ್ನುವ ನಟ. 1954ರಿಂದ 1972ರವರೆಗೆ 12 ಸಿನಿಮಾಗಳಲ್ಲಿ ಗೋಜಿರಾ ಒಳಗೆ ಇದ್ದವರೂ ಅವರೇ. ಗೋಜಿರಾಗೆ ಮೊದಲು ಮಾಡಿದ ಉಡುಪು ಸುಮಾರು 100 ಕೆಜಿ ಇತ್ತಂತೆ. ಅದನ್ನು ಹಾಕಿಕೊಂಡು ನಾಲ್ಕು ಹೆಜ್ಜೆ ಇಡುವುದೇ ಕಷ್ಟ ಆಗಿ, ಇನ್ನೊಂದು ಹಗುರದ್ದು ಮಾಡಿದರು. ಮೃಗಾಲಯಕ್ಕೆ ಹೋಗಿ ಆನೆ, ಕರಡಿ ಹೇಗೆ ಕಾಲಿಡುತ್ತವೆ ಅಂತ ನೋಡಿ ನಕಾಜಿಮಾ ನಡಿಗೆ ಕಲಿತರು. ಉಡುಪಿನ ಒಳಗೆ ಸೆಕೆ, ಮೇಲೆ ಸ್ಟುಡಿಯೋ ದೀಪಗಳ ಕಾವು. ಜೊತೆಗೆ ಕ್ಯಾಮೆರಾವನ್ನು ಜೋರಾಗಿ ಓಡಿಸಿ, ತೋರಿಸುವಾಗ ಮಾಮೂಲಿ ವೇಗದಲ್ಲಿ ತೋರಿಸುತ್ತಿದ್ದರು. ಆಗ ಮನುಷ್ಯನ ಹೆಜ್ಜೆಯೂ ಬೆಟ್ಟ ನಡೆದ ಹಾಗೆ ಭಾರವಾಗಿ ಕಾಣುತ್ತೆ.

ಈಗಿನ ಕಂಪ್ಯೂಟರ್ ಮೃಗಗಳ ಚರ್ಮ, ಉಗುರು ಎಲ್ಲ ನಿಜದ ಥರವೇ ಇರುತ್ತವೆ. ನನಗೆ ಮಾತ್ರ ಒಳಗೊಬ್ಬ ಬೆವರುತ್ತಿದ್ದಾನೆ ಅಂತ ಗೊತ್ತಿರುವ ಈ ರಬ್ಬರ್ ಮೃಗವೇ ಜಾಸ್ತಿ ಇಷ್ಟ.

ಗೋಜಿರಾ ಕೂಗು ಕೂಡ ಕೈಯಲ್ಲೇ ಮಾಡಿದ್ದು. ಅಕಿರಾ ಇಫುಕುಬೆ ಅನ್ನುವ ಸಂಗೀತಗಾರರು ಆಳೆತ್ತರದ ಪಿಟೀಲಿನಂಥ ವಾದ್ಯದ ತಂತಿ ಸಡಿಲ ಮಾಡಿ, ರಾಳ ಹಚ್ಚಿದ ಚರ್ಮದ ಕೈಗವಸಿನಿಂದ ಎಳೆಸಿದರು. ಅದೇ ಸದ್ದು.

ಪುಟ್ಟಿಗೆ ತೋರಿಸಬೇಕಾದ ಇನ್ನೊಂದು ಇದೆ, 1964ರ ಕೊನೆಯಲ್ಲಿ ಬಂದದ್ದು. ಮೂರು ತಲೆಯ ಘಿಡೋರಾ ಅನ್ನುವ ಮೃಗ ಆಕಾಶದಿಂದ ಬರುತ್ತೆ. ಗೋಜಿರಾ ಮತ್ತು ರೋದಾನ್ ಅನ್ನುವ ಹಕ್ಕಿಯಂಥದ್ದು ತಮ್ಮತಮ್ಮಲ್ಲೇ ಬಂಡೆ ಎತ್ತಿ ಎಸೆದಾಡುತ್ತಿರುತ್ತವೆ. ಮೋಸುರಾ ಮರಿ ಹುಳು ಬಂದು ಜಗಳ ಬಿಡಿ, ಸೇರಿ ಹೋರಾಡೋಣ ಅನ್ನುತ್ತೆ. ಮೃಗಗಳ ಮಾತನ್ನು ಆ ಪುಟ್ಟ ಅಕ್ಕತಂಗಿಯರು ಜನರಿಗೆ ಬಿಡಿಸಿ ಹೇಳುತ್ತಾರೆ! ಮನುಷ್ಯರು ಯಾವಾಗಲೂ ನಮಗೆ ತೊಂದರೆ ಕೊಟ್ಟವರು, ನಾವ್ಯಾಕೆ ಅವರನ್ನ ಕಾಪಾಡಬೇಕು ಅಂತ ಗೋಜಿರಾ, ರೋದಾನ್ ಎರಡೂ ಮುಖ ತಿರುಗಿಸುತ್ತವೆ. ಹುಳು ಒಂದೇ ಹೊರಡುತ್ತೆ, ಸರಿಯಾಗಿ ಪೆಟ್ಟು ತಿನ್ನುತ್ತೆ. ಅದನ್ನು ನೋಡಲಾರದೆ ಇವೆರಡೂ ಬರುತ್ತವೆ. ಕೊನೆಗೆ ಹುಳು ರೋದಾನ್ ಬೆನ್ನೇರಿ ಮೇಲಿಂದ ನೂಲು ಚಿಮ್ಮಿಸುತ್ತೆ. ಥಿಯೇಟರಿನಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ. ನಗುತ್ತಲೇ ಆ ಹುಳುವಿನ ಪಕ್ಷ ವಹಿಸಿದ್ದೆ.

ಇಲ್ಲಿ ರೇಷ್ಮೆ ಸಾಕುತ್ತಿದ್ದ ಹಳಬರು ಹುಳುವನ್ನು "ಒಕಾಯ್ಕೋ-ಸಾಮಾ" ಅಂತ ಕರೆಯುತ್ತಿದ್ದರಂತೆ. ದೇವರಿಗೆ, ದೊಡ್ಡವರಿಗೆ ಹಚ್ಚುವ "ಸಾಮಾ"ವನ್ನು ಹುಳುವಿಗೂ ಹಚ್ಚಿದ್ದಾರೆ ನೋಡು. ಮನೆಯಲ್ಲಿ ಹುಳು ಇರುವಾಗ ಚಪ್ಪಲಿ ಹಾಕಿಕೊಂಡು ಒಳಗೆ ಬಂದರೆ ನೀನು ಬೈಯುತ್ತಿದ್ದದ್ದು ನೆನಪಾಯಿತು. ಅಪ್ಪನಿಗೂ ಹೇಳು, ಅವರು ಮೇಯಿಸುವ ಬೈವೋಲ್ಟೀನ್ ತಳಿಯ ಹುಳುವಿಗೂ ಈ ದೇಶದ ನಂಟಿದೆ. 1990ರ ದಶಕದಲ್ಲಿ ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯವರು ಜಪಾನಿನವರ ಜೊತೆ ಸೇರಿ ಅದರ ಮೇಲೆ ಕೆಲಸ ಮಾಡಿದ್ದರು.

ಈ ಬೆಳೆ ಚಂದ್ರಿಕೆಗೆ ಬಿಟ್ಟ ದಿನ ಪುಟ್ಟಿ ಕೈಲಿ ಒಂದು ವಿಡಿಯೋ ಮಾಡಿಸು. ಒಂದೇ ಹುಳು ಸಾಕು, ಹತ್ತಿರದಿಂದ, ಅದು ತಲೆ ಆಡಿಸುವುದು ಕಾಣಬೇಕು. ಇಲ್ಲಿ ಆಫೀಸಿನವರಿಗೆ ತೋರಿಸುತ್ತೇನೆ ಅಂದಿದ್ದೇನೆ, ಅವರಲ್ಲಿ ಒಬ್ಬರೂ ನಿಜವಾದ ಹುಳು ನೋಡಿಲ್ಲ.

ನಿನ್ನ ಮಗಳು